ಪೂಜೆಯಾದ ಸರ್ವರ್

2024ರಲ್ಲಿ ನಾನು ಶಿವಮೊಗ್ಗದ ವಿನೋಬನಗರದಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರ ಸೀನಿಯರ್ ಪ್ರೋಗ್ರಾಮರ್ ಆಗಿದ್ದೆ. ಭದ್ರಾವತಿಯ ಖಾಸಗಿ ಡಯಾಲಿಸಿಸ್ ಕೇಂದ್ರದ ವೆಬ್‌ಸೈಟನ್ನು ನಾವೇ ನೋಡಿಕೊಳ್ಳುತ್ತಿದ್ದೆವು. ಯಾವ ರೋಗಿಗೆ ಯಾವ ದಿನ ಯಂತ್ರ ಎಂಬುದನ್ನು ಅದೇ ಗೊತ್ತುಮಾಡುತ್ತಿತ್ತು.

ಅದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಜಾಂಗೊ ಎಂಬ ಫ್ರೇಮ್‌ವರ್ಕ್ ಮೇಲೆ ನಿಂತಿತ್ತು. ಫ್ರೇಮ್‌ವರ್ಕ್ ಎಂದರೆ ಕಟ್ಟಿದ ಮನೆ. ಸರದಿ ಹಂಚುವುದು, ಎಸ್ಸೆಮ್ಮೆಸ್ ಕಳಿಸುವುದು ಆ ಮನೆಗೆ ತಂದು ಜೋಡಿಸಿದ ಆಡ್-ಆನ್‌ಗಳ ಕೆಲಸ, ಅವನ್ನು ಬರೆದವರು ಬೇರೆ ಯಾರೋ. ಭಾಷೆಯ ಆವೃತ್ತಿ ಬದಲಾದರೆ ಅವೂ ಒಪ್ಪಬೇಕು. ಒಂದು ತಕರಾರು ತೆಗೆದರೂ ಮುಗಿಯಿತು.

ನಮ್ಮ ಮಾಲೀಕರಿಗೆ ಆಯುಧಪೂಜೆಯ ಹೊತ್ತಿಗೆ ಎಲ್ಲವೂ ಹೊಸದಾಗಬೇಕು. ಸರದಿಯ ಆಡ್-ಆನ್ ಹೊಸ ಪೈಥಾನ್‌ಗೆ ಇನ್ನೂ ಹೊಂದಿಲ್ಲ ಎಂದು ಬಡಿದುಕೊಂಡೆ. ಕೇಳಬೇಕಲ್ಲ! ಹಬ್ಬದ ಬೆಳಿಗ್ಗೆ ತಮ್ಮೊಬ್ಬರಿಗೇ ಗೊತ್ತಿದ್ದ ಪಾಸ್‌ವರ್ಡ್ ಒತ್ತಿ ನನ್ನಿಂದ ಹೊಸ ಪೈಥಾನ್ 3.12 ಹಾಕಿಸಿದರು. ಸೈಟ್ ತೆರೆದುಕೊಂಡಿತು. ಸರ್ವರ್‌ಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆದರು.

ಸ್ವಲ್ಪ ಹೊತ್ತಿಗೇ ಸೈಟಿನಲ್ಲಿದ್ದ ನಮ್ಮ ನಂಬರಿಗೆ ಮುರುಗೇಶ್ ಎಂಬವರ ಕರೆ ಬಂತು. ಭದ್ರಾವತಿಯ ಗುತ್ತಿಗೆ ಕಾರ್ಮಿಕರು.

"ಸಾರ್, ಅಮ್ಮಂಗೆ ಇವತ್ತು ಡಯಾಲಿಸಿಸ್. ಲಿಸ್ಟೇ ಖಾಲಿ, ಮೆಷಿನ್ ಕೊಡಲ್ಲ ಅಂತಾರೆ. ಉಸಿರೇ ಹಿಡೀತಿದೆ ಅವ್ರಿಗೆ."

ಬೇರೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದೆ. "ಸುತ್ತಿ ಬಂದ್ವಿ ಸಾರ್. ಹಬ್ಬ, ಎಲ್ಲೂ ಸಿಗ್ತಿಲ್ಲ." ಕೇಂದ್ರಕ್ಕೆ ಫೋನ್ ಮಾಡಿ ಅಂಗಲಾಚಿದೆ. ಸಿಸ್ಟಂ ತೋರಿಸದೆ ಆಗುವುದಿಲ್ಲ ಎಂದರು.

ಹಳೆಯ ಆವೃತ್ತಿಗೆ ಮರಳುವುದು ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಮಾಲೀಕರು ಪಾಸ್‌ವರ್ಡ್ ಕೊಡಲಿಲ್ಲ.

"ಪೂಜೆ ಆದ್ಮೇಲೆ ನಾಳೆವರೆಗೂ ಆಯುಧ ಮುಟ್ಟಬಾರ್ದು ಮಾರಾಯ. ನಿಮ್ಮನೇಲಿ ಹೇಳ್ಕೊಟ್ಟಿಲ್ವಾ?"

"ಒಂದು ಜೀವ ಸಾರ್!"

"ನಾಳೆ ಮೊದ್ಲನೇ ಕೆಲ್ಸ ಅದೇ ಮಾಡು."

ಹಾಗೆಂದು ಹಾರ ಹಾಕಿದ್ದ ಕಾರು ಹತ್ತಿ ಊಟಕ್ಕೆ ಹೋದರು. ಕಾರಿಗೂ ಆಗಷ್ಟೇ ಪೂಜೆಯಾಗಿತ್ತು. ಥೂ! ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ವಿಜಯದಶಮಿಯ ಬೆಳಿಗ್ಗೆ ಮಾಲೀಕರು ಫೋನಿನಲ್ಲಿ ಪಾಸ್‌ವರ್ಡ್ ಹೇಳಿದ ಮೇಲೆ ಹಳೆಯ ಪೈಥಾನ್ ಹಾಕಿದೆ. ಸರದಿ ಸರಿಯಾಯಿತು. ಹಿಂದಿನ ದಿನ ಕಳಿಸಲಾಗದೆ ಉಳಿದಿದ್ದ ಎಸ್ಸೆಮ್ಮೆಸ್‌ಗಳೂ ತಾವಾಗಿಯೇ ಹೊರಟವು. ಮುರುಗೇಶ್ ಮತ್ತೆ ಫೋನ್ ಮಾಡಿದರು.

"ಅಮ್ಮನ ಸರದಿ ಬಂದಿದೆ ಅಂತ ಮೆಸೇಜ್ ಬಂತು ಸಾರ್. ಮಣ್ಣು ಮಾಡೋಕೆ ಹೊರಟಿದೀವಿ. ಎಲ್ಲಿಗೆ ಕರ್ಕೊಂಡ್ ಬರ್ಲಿ, ಹೇಳಿ."



ಸಂಜೆ ಮಾಲೀಕರಿಗೆ ತಿಳಿಸಿದೆ. "ಅಯ್ಯೋ ಪಾಪ," ಎಂದರು. "ಸಿಸ್ಟಂ ಈಗ ಸರಿ ಇದೆ ತಾನೆ?" ಹೌದು ಎಂದೆ. ಹಬ್ಬದ ಬನ್ನಿ ಎಲೆಯನ್ನು ನನ್ನ ಕೈಗಿಟ್ಟು, "ಬಂಗಾರದಂಗಿರು" ಎಂದು ಹರಸಿದರು.

ಆಡ್-ಆನ್ ಒಪ್ಪುತ್ತದೆಯೇ ಎಂದು ನೋಡದೆ ಆವೃತ್ತಿ ಬದಲಿಸಬಾರದೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹಳೆಯದಕ್ಕೆ ಮರಳುವ ಪಾಸ್‌ವರ್ಡ್ ಎಂಥವನ ಜೇಬಿನಲ್ಲಿದೆ ಎಂಬುದನ್ನು ಅದಕ್ಕೂ ಮೊದಲು ನೋಡಬೇಕೆಂದು ನನಗೆ ಕಲಿಸಿದ್ದು ಮುರುಗೇಶರ ತಾಯಿಯ ಸಾವು.