ಸುರುಳಿ ಬಿಡದ ಕಾಗದ
ಜಯನಗರದ ಆ ಕಚೇರಿಯಲ್ಲಿ ಜೆರಾಕ್ಸ್ ಮಷೀನಿನಿಂದ ಕಾಗದ ಹಪ್ಪಳದಂತೆ ಮುದುರಿಕೊಂಡು ಬಂದರೆ ಎಲ್ಲರೂ ಸತ್ಯಭಾಮಾ ಮೇಡಂ ಕಡೆ ನೋಡುತ್ತಾರೆ. ಅವರು ಉಸ್ಸಪ್ಪಾ ಎಂದು ಎದ್ದು, ಟ್ರೇಯಲ್ಲಿನ ಕಾಗದದ ಕಟ್ಟನ್ನು ಮಗುಚಿ ಹಾಕುತ್ತಾರೆ. “ಥಂಡಿ ಹಿಡ್ಕೊಂಡಿದೆ ಕಣ್ರೀ, ನನ್ ಸೊಂಟದ ಹಾಗೆ” ಎನ್ನುತ್ತಾರೆ. ಆಗಲೂ ಮುದುರಿದರೆ ಪ್ರತಿಗಳನ್ನು ತಮ್ಮ ಕುರ್ಚಿಯ ದಿಂಬಿನಡಿ ಇಟ್ಟು, ಮೇಲೆ ಕೂತುಬಿಡುತ್ತಾರೆ. ಮ್ಯಾನೇಜರೇ ಬಂದು ಕೇಳಿದರೂ ಏಳುವುದಿಲ್ಲ, “ಇನ್ನೂ ಸುರುಳಿ ಬಿಟ್ಟಿಲ್ಲ ಸಾರ್.” ಅವರು ಕೂತೆದ್ದ ಕಾಗದ ಇಸ್ತ್ರಿ ಮಾಡಿದ ಪಂಚೆಯಂತಿರುತ್ತದೆ ಎಂಬುದು ಕಚೇರಿಯ ನಂಬಿಕೆ. ನಿನ್ನೆ ಅವರದೇ ನಿವೃತ್ತಿ ಆದೇಶದ ಪ್ರತಿ ಮುದುರಿಕೊಂಡು ಬಂತು. ಮೇಡಂ ಅದನ್ನು ಓದಿ, ಅಂಗೈಯಿಂದ ಸವರಿ, ದಿಂಬಿನಡಿ ಇಟ್ಟು ಕೂತರು. ಸಂಜೆ ಬಾಗಿಲು ಹಾಕಲು ಬಂದ ಅಟೆಂಡರ್ ಭೀಮೇಶ್, “ಮೇಡಂ, ಹೊರಡಲ್ವಾ?” ಎಂದ. “ಇನ್ನೂ ಸುರುಳಿ ಬಿಟ್ಟಿಲ್ಲ ಕಣಪ್ಪಾ” ಎಂದರು.