ಕುರಿ ಒಪ್ಪದ ತಂಬಾಕು

ಹೊಸ ತಂಬಾಕಿನ ಮೊದಲ ಹೊಗೆ ಮೂಗಿಗೆ ಬಡಿದದ್ದೇ ತಡ, ಒಡೆಯನ ಹಿಂದೆ ನಿಂತಿದ್ದ ಕುರಿ ಎರಡು ಹೆಜ್ಜೆ ದೂರ ಸರಿಯಿತು. ಜಮಖಂಡಿಯ ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ ಮುದಿ ಕುರಿಗಾರ ಬೀರಪ್ಪ ಚಿಲುಮೆಯನ್ನು ಬಾಯಿಂದ ತೆಗೆದ. ಬೆಲ್ಲ, ಲವಂಗ ಬೆರೆಸಿ ನಾನೇ ಹದ ಮಾಡಿದ ತಂಬಾಕು ಅದು. ಸಂಸ್ಥಾನದ ಕಾರಕೂನರೇ ತಲೆದೂಗಿದ್ದರು.

“ಯಾಕ ಮುತ್ಯಾ, ಛಲೋ ಇಲ್ಲೇನು?” ಎಂದೆ, ತುಸು ಸಿಟ್ಟಿನಿಂದಲೇ.

“ಭಾಳ ಛಲೋ ಐತ್ರೀ ಸಾವಕಾರ್ರ. ಆದ್ರ ಇದನ್ನ ಸೇದಿದ್ರ ನನ್ನ ಕುರಿಗೆ ನನ್ನ ಗುರುತು ಹತ್ತೂದಿಲ್ರಿ.”

ಚಿಲುಮೆ ಕೊಡವಿ, ಎಂದಿನ ಘಾಟು ತಂಬಾಕನ್ನೇ ತುಂಬಿಸಿಕೊಂಡು ಹೊಗೆ ಬಿಟ್ಟ. ಕುರಿ ಬಂದು ಅವನ ಮೊಣಕಾಲಿಗೆ ತಲೆ ಉಜ್ಜಿತು.

ಈಗಲೂ ಹೊಸ ತಂಬಾಕು ಬೆರೆಸಿ ಕೊಟ್ಟಾಗ, ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಹಿಂದೆ ಯಾರು ನಿಂತಿದ್ದಾರೆಂದು ನೋಡುತ್ತೇನೆ.