ಏಸಿ ಕಾರಿನೊಳಗಿನ ನಿಂಬೆಹೋಳು

ಆಯುಧಪೂಜೆಯಾಗಿ ಇಪ್ಪತ್ಮೂರನೆಯ ದಿನ, ಶನಿವಾರ. ಮಳವಳ್ಳಿಯ ಅಕ್ಕಿ ಗಿರಣಿ ಸಾಹುಕಾರರ ವಿದೇಶಿ ಕಾರು ಮಂಡ್ಯದ ನಮ್ಮ ವರ್ಕ್‌ಶಾಪಿಗೆ ಮತ್ತೆ ಬಂತು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ರಿಪೇರಿಗಳನ್ನು ಬರೆದಿಡುತ್ತಿದ್ದ ನನ್ನ ನೋಟ್‌ಬುಕ್ಕಿನಲ್ಲಿ ಏಸಿ ಇರುವ ಕಾರು ಅದೊಂದೇ. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬಿಸಿ. ಹಬ್ಬಕ್ಕೆ ಮುಂಚೆ ಅದರ ವೈರಿಂಗ್ ಮಾಡಿದ್ದವನು, ಮೇಸ್ತ್ರಿಯ ಕೈಕೆಳಗಿನ ಹುಡುಗ, ನಾನು.

"ಸಂಜೆ ಒಳಗೆ ತಪ್ಪು ಸಿಕ್ಕಬೇಕು ಕಣ್ಲಾ. ಸಿಕ್ಕಲಿಲ್ಲಾಂದ್ರೆ ಸೋಮ್ವಾರದಿಂದ ಇತ್ತಾಗೆ ತಲೆ ಆಕ್ಬ್ಯಾಡ," ಎಂದರು ಮೇಸ್ತ್ರಿ, ಸಾಹುಕಾರರಿಗೆ ಕೇಳುವಷ್ಟು ಜೋರಾಗಿ.

ಬಾನೆಟ್ ಎತ್ತಿದೆ. ಕೊಳೆತ ವಾಸನೆ ಬಡಿಯಿತು. ಇಲಿ ಸತ್ತಿರಬೇಕೆಂದು ಮೂರು ಕಡೆ ಕೈ ಹಾಕಿ ನೋಡಿದೆ, ಇಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೆಲಸಕ್ಕೆ ಇಳಿದೆ.

ಫ್ಯೂಸು ಸರಿ. ಸ್ವಿಚ್ಚಿನಲ್ಲಿ, ಕರೆಂಟು ಬರುತ್ತಿದೆಯೇ ಎಂದು ತೋರಿಸುವ ಟೆಸ್ಟ್ ಲ್ಯಾಂಪ್ ಇಟ್ಟರೆ ಪ್ರಕಾಶವಾಗಿ ಉರಿಯಿತು. ಗಾಳಿಯನ್ನು ತಣ್ಣಗೆ ಮಾಡುವ ಕಂಪ್ರೆಸರನ್ನು ಓಡಿಸುವ ಕ್ಲಚ್ಚಿಗೆ ಬ್ಯಾಟರಿಯಿಂದಲೇ ನೇರವಾಗಿ ವೈರು ಕೊಟ್ಟೆ. ಟಕ್ ಎಂದು ಹಿಡಿಯಿತು. ಅಂದರೆ ಕ್ಲಚ್ಚು ಕೆಟ್ಟಿಲ್ಲ, ಅದಕ್ಕೆ ಬರುವ ಕರೆಂಟು ಸಾಲುತ್ತಿಲ್ಲ. ವೈರಿನ ಉದ್ದಕ್ಕೂ ಲ್ಯಾಂಪ್ ಇಡುತ್ತ ಹೋದೆ. ಐದು ಕಡೆ ಚೆನ್ನಾಗಿ ಉರಿಯಿತು. ಆರನೆಯ ಕಡೆ, ಒಂದು ಜಾಯಿಂಟ್ ದಾಟಿದ ಮೇಲೆ, ಮಿಣುಕು ಹುಳದಷ್ಟೇ.

ಆ ಜಾಯಿಂಟಿನ ಸಂದಿಗೆ ಬೆರಳು ಹಾಕಿದೆ. ಮೆತ್ತಗೆ, ಅಂಟಂಟಾಗಿ ಏನೋ ಸಿಕ್ಕಿತು. ಕುಂಕುಮ ಹಚ್ಚಿದ ಅರ್ಧ ನಿಂಬೆಹಣ್ಣು. ಎಂಜಿನ್ ಶಾಖಕ್ಕೆ ಬೆಂದು, ಕೊಳೆತು, ಕಪ್ಪಾಗಿ, ಹುಳ ಬಿದ್ದಿತ್ತು. ಅದರ ರಸ ಇಳಿದು ಜಾಯಿಂಟಿನ ತಾಮ್ರವೆಲ್ಲ ಹಸಿರು ಕಿಲುಬು ಹಿಡಿದಿತ್ತು. ಕೈ ತೊಳೆಯಲು ನಲ್ಲಿಯ ಹತ್ತಿರ ಓಡಿದೆ.

ಪೂಜೆಯ ದಿನ ಈ ಕಾರೂ ವರ್ಕ್‌ಶಾಪಿನಲ್ಲೇ ಇತ್ತು. ಎಲ್ಲರೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೆ, ಮೇಸ್ತ್ರಿ ಒಬ್ಬರೇ ಇದರ ಬಾನೆಟ್ ಎತ್ತಿ, "ದೃಷ್ಟಿ ತಾಕೋದು ಎಂಜಿನ್‌ಗೆ ಕಣ್ಲಾ, ಟೈರಿಗಲ್ಲ" ಎಂದು ಒಳಗೊಂದು ಹೋಳು ತುರುಕಿದ್ದರು. ನಾನು ಪಕ್ಕದಲ್ಲೇ ಕರ್ಪೂರದ ತಟ್ಟೆ ಹಿಡಿದು ನಿಂತಿದ್ದೆ.

ಹೋಳನ್ನು ಮೇಸ್ತ್ರಿಗೆ ತೋರಿಸಿ, ಜಾಯಿಂಟ್ ಕತ್ತರಿಸಿ ಹೊಸದು ಹಾಕಿದೆ. ನಾಲ್ಕೂವರೆಗೆ ತಣ್ಣನೆ ಗಾಳಿ ಬಂತು.

"ಏನಾಗಿತ್ತು?" ಎಂದರು ಸಾಹುಕಾರರು.

"ಏನಿಲ್ಲ ಬುಡಿ ಸ್ವಾಮಿ, ನಮ್ ಉಡುಗ ವೈರು ಸಡಿಲ ಬುಟ್ಟಿದ್ದ," ಎಂದರು ಮೇಸ್ತ್ರಿ, ನನ್ನ ಮುಖ ನೋಡದೆ.

ಆ ಸುಳ್ಳಿಗೆ ಹುಳ ಕಂಡಾಗ ಆದದ್ದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಹಳೆಯ ಪೇಪರಿನಲ್ಲಿ ಸುತ್ತಿಟ್ಟಿದ್ದ ಹೋಳನ್ನು ತಂದು ಸಾಹುಕಾರರೆದುರು ಬಾನೆಟ್ಟಿನ ಮೇಲೆ ಬಿಚ್ಚಿಟ್ಟೆ. "ಇದು ಜಾಯಿಂಟಿನ ಮೇಲಿತ್ತು ಸಾರ್. ನಾನಿಟ್ಟದ್ದಲ್ಲ."

ಅವರು ಮೂಗು ಮುಚ್ಚಿಕೊಂಡರು. ಕುಂಕುಮ ನೋಡಿದರು, ಮೇಸ್ತ್ರಿಯನ್ನು ನೋಡಿದರು. "ಥೂ! ಎಂಥಾ ಪೂಜೆನಯ್ಯಾ ನಿಂದು? ಇನ್ಮೇಲೆ ನನ್ ಕಾರಿನ ಬಾನೆಟ್ಟು ಈ ಉಡುಗನೇ ಎತ್ಲಿ."

ಕಾರು ಹೋದ ಮೇಲೆ ಮೇಸ್ತ್ರಿ ಸ್ಪ್ಯಾನರ್ ಒರೆಸಿಟ್ಟರು. "ಸೋಮ್ವಾರ ಬ್ಯಾಗ ಬಾ," ಎಂದರು.

ಅಂದು ಸೋಪು ಹಾಕಿ ಏಳು ಸಲ ಕೈ ತೊಳೆದೆ. ಆದರೂ ರಾತ್ರಿ ಅನ್ನವನ್ನು ಚಮಚದಲ್ಲೇ ತಿಂದೆ.